ಅಣುವನ್ನೇ ಕೇಳಿ ರೂಪಿಸಿದ ಬೆಳಕು: ವ್ಯೂರ್ಟ್ಸ್‌ಬರ್ಗ್‌ನ 1998ರ ಪ್ರಯೋಗದ ಪ್ರಕರಣ ಅಧ್ಯಯನ

1998ರ ಅಕ್ಟೋಬರ್ 30ರ ‘ಸೈನ್ಸ್’ ವಾರಪತ್ರಿಕೆಯಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗುಸ್ತಾವ್ ಗೆರ್ಬರ್ ಮತ್ತು ಅವರ ಸಂಗಡಿಗರು ಕೆಲವೇ ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಬ್ಬಿಣದ ಪರಮಾಣುವನ್ನು ನಡುವಿಟ್ಟುಕೊಂಡ ಒಂದು ಅಣುವಿನ ಮೇಲೆ ಲೇಸರ್ ಬೆಳಕನ್ನು ಹಾಯಿಸಿದಾಗ ಅದು ಯಾವ ಬಂಧದಲ್ಲಿ ಒಡೆಯಬೇಕೆಂಬುದನ್ನು ಪ್ರಯೋಗಕಾರರೇ ಆಯ್ದುಕೊಳ್ಳಬಹುದು ಎಂದು ಆ ಪ್ರಬಂಧ ತೋರಿಸಿತು. ಹಾಗೆ ಆಯ್ದುಕೊಳ್ಳಲು ಅವರು ಬೆಳಕಿನ ಬಣ್ಣವನ್ನು ಬದಲಿಸಲಿಲ್ಲ, ಅದರ ಶಕ್ತಿಯನ್ನು ಏರಿಸಲಿಲ್ಲ. ಒಂದೇ ಸ್ಪಂದದೊಳಗೆ, ಎಂದರೆ ಬೆಳಕಿನ ಒಂದು ಕ್ಷಣಿಕ ಮಿಡಿತದೊಳಗೆ, ಸೇರಿಕೊಂಡಿರುವ ಬಣ್ಣಗಳು ಒಂದಕ್ಕೊಂದು ಯಾವ ಹೊಂದಿಕೆಯಲ್ಲಿ ಅಣುವನ್ನು ತಲುಪಬೇಕೆಂಬುದನ್ನು ಮಾತ್ರ ಬದಲಿಸಿದರು. ಸರಿಯಾದ ಹೊಂದಿಕೆ ಯಾವುದೆಂದು ಅವರಲ್ಲಿ ಯಾರೂ ಮೊದಲೇ ಲೆಕ್ಕ ಹಾಕಿರಲಿಲ್ಲ. ಅದನ್ನು ಹುಡುಕಿಕೊಟ್ಟದ್ದು ಒಂದು ಕಂಪ್ಯೂಟರ್. ಅದಕ್ಕೆ ಹೆಜ್ಜೆಹೆಜ್ಜೆಗೂ ಉತ್ತರ ಕೊಟ್ಟದ್ದು ಅಣುವೇ.

ರಸಾಯನ ವಿಜ್ಞಾನದಲ್ಲಿ ಕ್ವಾಂಟಂ ನಿಯಂತ್ರಣದ, ಎಂದರೆ ಅಣುವಿನ ಅಲೆಯ ಗುಣವನ್ನು ಬಳಸಿ ಅದರ ನಡೆಯನ್ನು ಆಳುವ ಪ್ರಯತ್ನದ, ಚರಿತ್ರೆಯಲ್ಲಿ ಈ ಪ್ರಯೋಗವನ್ನು ದೊಡ್ಡ ಗೆಲುವೆಂದು ಹೇಳುವುದು ರೂಢಿ. ಗೆಲುವು ಹೌದು. ಆದರೆ ಅಣುವಿನ ನಡೆಯನ್ನು ಆಳುವುದು ಬೇರೆ, ಅದನ್ನು ಅರಿಯುವುದು ಬೇರೆ ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಮತ್ತೊಂದು ಪ್ರಯೋಗ ನನಗೆ ಗೊತ್ತಿಲ್ಲ. ಆ ಕಾರಣಕ್ಕಾಗಿಯೇ ಇದನ್ನು ಇಲ್ಲಿ ವಿವರವಾಗಿ ಪರಿಶೀಲಿಸುತ್ತಿದ್ದೇನೆ.

ಅಲ್ಲಿಯವರೆಗಿನ ದಾರಿ

ರಸಾಯನಜ್ಞರ ಕೈಯಲ್ಲಿ ಮೊದಲಿನಿಂದ ಇರುವ ಸಾಧನಗಳೆಂದರೆ ಉಷ್ಣ, ಒತ್ತಡ, ದ್ರಾವಕ ಮತ್ತು ವೇಗವರ್ಧಕ. ಅಣುವನ್ನು ಕಾಯಿಸಿದರೆ ಸಾಮಾನ್ಯವಾಗಿ ಅತ್ಯಂತ ದುರ್ಬಲವಾದ ಬಂಧವೇ ಮೊದಲು ಬಿಡುತ್ತದೆ. ನಮಗೆ ಬೇಕಾದ ಬಂಧ ಅದಲ್ಲದಿದ್ದರೆ ಶಾಖ ನಮ್ಮ ಮಾತು ಕೇಳುವುದಿಲ್ಲ. 1960ರಲ್ಲಿ ಲೇಸರ್ ಬಂದಾಗ ಈ ತೊಡಕಿಗೆ ಪರಿಹಾರ ಸಿಕ್ಕಿತೆಂದು ಹಲವರು ನಂಬಿದರು. ಪ್ರತಿಯೊಂದು ಬಂಧಕ್ಕೂ ತನ್ನದೇ ಆದ ಕಂಪನದ ಆವೃತ್ತಿ ಇರುವುದರಿಂದ, ಅದೇ ಆವೃತ್ತಿಯ ಅವಕೆಂಪು ಬೆಳಕನ್ನು ಹಾಯಿಸಿದರೆ ಆ ಬಂಧವೊಂದೇ ಹೆಚ್ಚೆಚ್ಚು ಕಂಪಿಸಿ ಕಡಿದುಹೋಗಬೇಕು ಎಂಬುದು ಅವರ ತರ್ಕ. ದೊಡ್ಡ ಅಣುಗಳಲ್ಲಿ ಹಾಗೆ ಆಗಲಿಲ್ಲ. ಒಂದು ಬಂಧಕ್ಕೆ ಕೊಟ್ಟ ಶಕ್ತಿ ಕೆಲವು ಪಿಕೊಸೆಕೆಂಡುಗಳಲ್ಲಿ (ಒಂದು ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು), ಎಷ್ಟೋ ಬಾರಿ ಅದಕ್ಕೂ ಮೊದಲೇ, ಅಣುವಿನ ಉಳಿದ ಕಂಪನಗಳಿಗೆ ಹರಿದು ಹಂಚಿಹೋಗುತ್ತದೆ. ಕೊನೆಗೆ ಲೇಸರ್ ಒಂದು ದುಬಾರಿ ಒಲೆಯಾಗಿ ಉಳಿಯುತ್ತದೆ. ಶಕ್ತಿ ಹಂಚಿಹೋಗಲು ಹೆಚ್ಚು ದಾರಿಗಳಿಲ್ಲದ ಪುಟ್ಟ ಅಣುಗಳಲ್ಲಿ ಮಾತ್ರ ಈ ಉಪಾಯ ಫಲಿಸಿತು. 1990ರ ಸುಮಾರಿಗೆ ವಿಸ್ಕಾನ್ಸಿನ್‌ನ ಫ್ಲೆಮಿಂಗ್ ಕ್ರಿಮ್ ಅವರ ತಂಡ, ಒಂದು ಹೈಡ್ರೊಜನ್ ಮತ್ತು ಒಂದು ಡ್ಯುಟೀರಿಯಂ (ಭಾರ ಹೈಡ್ರೊಜನ್) ಇರುವ ನೀರಿನ ಅಣುವಿನಲ್ಲಿ ಕಂಪನಕ್ಕೆ ಒಳಗಾದ ಬಂಧವೇ ಹೈಡ್ರೊಜನ್ ಪರಮಾಣುವಿನೊಡನೆ ವರ್ತಿಸುತ್ತದೆಂದು ತೋರಿಸಿದ್ದು ಅಂಥ ಒಂದು ಉದಾಹರಣೆ.

ಸೋಲಿನ ಕಾರಣ ಒಂದು ಮರೆವಿನಲ್ಲಿತ್ತು. ಅಣುವಿಗೆ ಶಕ್ತಿ ಕೊಡುವ ಮಾತನ್ನೇ ಎಲ್ಲರೂ ಆಡುತ್ತಿದ್ದರು. ಅಣು ಒಂದು ಕ್ವಾಂಟಂ ವ್ಯವಸ್ಥೆ, ಅದರ ಸ್ಥಿತಿಯನ್ನು ಅಲೆಯಾಗಿ ಬರೆಯಬೇಕು, ಅಲೆಗೆ ಎತ್ತರವಿರುವಂತೆ ಪ್ರಾವಸ್ಥೆಯೂ (ಏರಿಳಿತದ ಯಾವ ಹಂತದಲ್ಲಿ ಅದು ಇದೆ ಎಂಬುದು) ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1980ರ ದಶಕದ ನಡುವಿನಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಇದನ್ನು ಸರಿಪಡಿಸಿದವು. ಟೊರಾಂಟೊದ ಪಾಲ್ ಬ್ರೂಮರ್ ಮತ್ತು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೋಶೆ ಶಪಿರೊ 1986ರಲ್ಲಿ ಮುಂದಿಟ್ಟ ವಿಚಾರ ಎರಡು ಸೀಳುಗಂಡಿಗಳಿಂದ ಹಾಯ್ದ ಬೆಳಕಿನ ಅಲೆಗಳು ಕೂಡಿ ಕಳೆದು ಪಟ್ಟೆಗಳಾಗುವ ಯಂಗ್‌ನ ಪ್ರಯೋಗವನ್ನು ನೆನಪಿಸುತ್ತದೆ. ಒಂದೇ ಆರಂಭದ ಸ್ಥಿತಿಯಿಂದ ಒಂದೇ ಅಂತಿಮ ಶಕ್ತಿಗೆ ಅಣುವನ್ನು ಎರಡು ದಾರಿಗಳಲ್ಲಿ ಏಕಕಾಲಕ್ಕೆ ಒಯ್ದರೆ, ಎರಡು ದಾರಿಗಳ ಅಲೆಗಳು ಪರಸ್ಪರ ವ್ಯತಿಕರಣಗೊಳ್ಳುತ್ತವೆ. ಎರಡು ಲೇಸರ್‌ಗಳ ನಡುವಿನ ಪ್ರಾವಸ್ಥೆಯನ್ನು ಹೊಂದಿಸಿ ಒಂದು ಉತ್ಪನ್ನದ ಕಡೆಗೆ ಅಲೆಗಳು ಕೂಡಿಕೊಳ್ಳುವಂತೆ, ಇನ್ನೊಂದರ ಕಡೆಗೆ ಅವು ಅಳಿಸಿಕೊಳ್ಳುವಂತೆ ಮಾಡಬಹುದು. ಷಿಕಾಗೋದ ಡೇವಿಡ್ ಟ್ಯಾನರ್ ಮತ್ತು ಸ್ಟುವರ್ಟ್ ರೈಸ್ 1985ರಲ್ಲಿ ಇದೇ ಗುರಿಯನ್ನು ಕಾಲದ ಭಾಷೆಯಲ್ಲಿ ಹೇಳಿದ್ದರು: ಮೊದಲ ಸ್ಪಂದ ಅಣುವನ್ನು ಹೆಚ್ಚಿನ ಶಕ್ತಿಯ ಉದ್ರಿಕ್ತ ಸ್ಥಿತಿಗೆ ಏರಿಸುತ್ತದೆ, ಅಲ್ಲಿ ಅದರ ತರಂಗ ಪೊಟ್ಟಣ, ಎಂದರೆ ಅಣುವಿನ ಸ್ಥಿತಿಯನ್ನು ಹೇಳುವ ಅಲೆಗಳ ಗುಚ್ಛ, ಚಲಿಸತೊಡಗುತ್ತದೆ, ಅದು ಬೇಕಾದ ಇಳಿಜಾರಿನ ಮೇಲೆ ಬಂದು ನಿಂತ ಕ್ಷಣಕ್ಕೆ ಸರಿಯಾಗಿ ಎರಡನೆಯ ಸ್ಪಂದ ಅದನ್ನು ಕೆಳಗಿಳಿಸುತ್ತದೆ.

ಎರಡೂ ವಿಚಾರಗಳಿಗೆ ಪ್ರಯೋಗದ ಬೆಂಬಲ ಬೇಗನೆ ಸಿಕ್ಕಿತು. ಗೆರ್ಬರ್ ಅವರ ತಂಡವೇ 1991ರಲ್ಲಿ ಸೋಡಿಯಂನ ಜೋಡಿ ಅಣುವಿನಲ್ಲಿ, ಅಹ್ಮದ್ ಜವೇಲ್ ಅವರ ತಂಡ 1992ರಲ್ಲಿ ಅಯೋಡಿನ್ ಮತ್ತು ಝೆನಾನ್ ನಡುವಿನ ಕ್ರಿಯೆಯಲ್ಲಿ ಸ್ಪಂದಗಳ ನಡುವಿನ ಕಾಲವನ್ನು ಬದಲಿಸಿ ಫಲಿತವನ್ನು ಬದಲಿಸಿದರು. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗೋರ್ಡನ್ ಅವರ ತಂಡ 1995ರಲ್ಲಿ ಹೈಡ್ರೊಜನ್ ಅಯೋಡೈಡನ್ನು ಒಂದು ಬೆಳಕಿನ ಮೂರು ಫೋಟಾನ್‌ಗಳಿಂದಲೂ (ಬೆಳಕಿನ ಕಣಗಳಿಂದಲೂ), ಅದರ ಮೂರರಷ್ಟು ಆವೃತ್ತಿಯ ಒಂದು ಫೋಟಾನ್‌ನಿಂದಲೂ ಒಟ್ಟಿಗೆ ಉದ್ರೇಕಿಸಿತು. ಪ್ರಾವಸ್ಥೆಯನ್ನು ಬದಲಿಸುತ್ತ ಹೋದಂತೆ ಅಣು ಅಯಾನಾಗುವ ಪ್ರಮಾಣವೂ ಒಡೆಯುವ ಪ್ರಮಾಣವೂ ಏರಿಳಿದವು, ಮತ್ತು ಈ ಎರಡು ಏರಿಳಿತಗಳು ಒಂದೇ ತಾಳದಲ್ಲಿರಲಿಲ್ಲ. ಉತ್ಪನ್ನಗಳ ಪ್ರಮಾಣವನ್ನು ಬೆಳಕಿನ ಪ್ರಾವಸ್ಥೆಯಿಂದ ನಿಯಂತ್ರಿಸಬಹುದೆಂಬುದಕ್ಕೆ ಇದಕ್ಕಿಂತ ಸ್ವಚ್ಛವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಇವೆಲ್ಲ ಎರಡು ಮೂರು ಪರಮಾಣುಗಳ ವ್ಯವಸ್ಥೆಗಳು. ಅವುಗಳ ಶಕ್ತಿಯ ಮಟ್ಟಗಳು ಚೆನ್ನಾಗಿ ಗೊತ್ತಿದ್ದವು, ಏನು ಮಾಡಬೇಕೆಂಬುದನ್ನು ಕಾಗದದ ಮೇಲೆ ಬರೆದು ನಂತರ ಮಾಡಬಹುದಿತ್ತು. ಇಪ್ಪತ್ತು ಪರಮಾಣುಗಳ ಅಣುವಿಗೆ ಆ ಸೌಕರ್ಯವಿಲ್ಲ.

ಲೆಕ್ಕವನ್ನು ಅಣುವಿಗೇ ಬಿಟ್ಟ ಉಪಾಯ

ಪ್ರಿನ್ಸ್‌ಟನ್‌ನ ಹರ್ಶೆಲ್ ರಾಬಿಟ್ಸ್ 1980ರ ದಶಕದ ಕೊನೆಯಲ್ಲಿ ಎಂಜಿನಿಯರುಗಳ ಅತ್ಯುತ್ತಮ ನಿಯಂತ್ರಣ ಸಿದ್ಧಾಂತವನ್ನು ಅಣುಗಳಿಗೆ ಅನ್ವಯಿಸಿ, ಬೇಕಾದ ಫಲಕ್ಕೆ ತಕ್ಕ ಲೇಸರ್ ಕ್ಷೇತ್ರವನ್ನು ಸಮೀಕರಣಗಳಿಂದ ಪಡೆಯುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಆ ವಿಧಾನಕ್ಕೆ ಎರಡು ದೊಡ್ಡ ಅಡ್ಡಿಗಳಿದ್ದವು. ಅಣುವಿನ ಹ್ಯಾಮಿಲ್ಟೋನಿಯನ್, ಎಂದರೆ ಅದರ ಶಕ್ತಿಯ ಪೂರ್ತಿ ವಿವರಣೆ, ನಿಖರವಾಗಿ ತಿಳಿದಿರಬೇಕು. ಲೆಕ್ಕದಲ್ಲಿ ಬಂದ ಸ್ಪಂದವನ್ನು ಪ್ರಯೋಗಶಾಲೆಯಲ್ಲಿ ಅಷ್ಟೇ ನಿಖರವಾಗಿ ತಯಾರಿಸಬೇಕು. ದೊಡ್ಡ ಅಣುವಿನ ವಿಷಯದಲ್ಲಿ ಎರಡೂ ಆಗದ ಮಾತು. ವ್ಯತಿಕರಣವನ್ನು ನಂಬಿದ ವಿಧಾನದಲ್ಲಿ ಸಣ್ಣ ತಪ್ಪೂ ಫಲವನ್ನು ತಲೆಕೆಳಗು ಮಾಡಬಲ್ಲದು.

1992ರಲ್ಲಿ ರಿಚರ್ಡ್ ಜಡ್ಸನ್ ಮತ್ತು ರಾಬಿಟ್ಸ್ ಈ ಅಡ್ಡಿಯನ್ನೇ ಉಪಾಯವಾಗಿ ತಿರುಗಿಸಿದರು. ಅಣುವಿನ ಸಮೀಕರಣವನ್ನು ನಾವು ಬಿಡಿಸಲಾರೆವು, ಆದರೆ ಅಣು ತನ್ನ ಸಮೀಕರಣವನ್ನು ಪ್ರತಿ ಬಾರಿಯೂ ತಪ್ಪಿಲ್ಲದೆ, ಕಣ್ಣೆವೆ ಇಕ್ಕುವುದಕ್ಕಿಂತ ಬೇಗ ಬಿಡಿಸುತ್ತದೆ. ಹಾಗಿದ್ದ ಮೇಲೆ ಒಂದು ಸ್ಪಂದವನ್ನು ಕಳಿಸಿ, ಬಂದ ಫಲವನ್ನು ಅಳೆದು, ಆ ಅಳತೆಯ ಆಧಾರದ ಮೇಲೆ ಮುಂದಿನ ಸ್ಪಂದವನ್ನು ತಿದ್ದಿದರೆ ಸಾಕು. ತಂಬೂರಿಯನ್ನು ಶ್ರುತಿ ಮಾಡುವವರು ತಂತಿಯ ಬಿಗಿತವನ್ನು ಅಳೆಯುವುದಿಲ್ಲ, ಬಿರಡೆಯನ್ನು ಎಷ್ಟು ತಿರುಗಿಸಬೇಕೆಂದು ಗಣಿತ ಮಾಡುವುದಿಲ್ಲ. ಮೀಟುತ್ತಾರೆ, ಕೇಳುತ್ತಾರೆ, ತಿರುಗಿಸುತ್ತಾರೆ. ಜಡ್ಸನ್ ಮತ್ತು ರಾಬಿಟ್ಸ್ ಈ ಕ್ರಮವನ್ನು ಕಂಪ್ಯೂಟರಿನೊಳಗೇ ಅನುಕರಿಸಿ, ಪೊಟ್ಯಾಸಿಯಂ ಕ್ಲೋರೈಡ್ ಅಣುವಿನ ತಿರುಗುವಿಕೆಯ ಸ್ಥಿತಿಗಳ ಮಾದರಿಯ ಮೇಲೆ ಪರೀಕ್ಷಿಸಿ, ಇದು ನಡೆಯುತ್ತದೆಂದು ತೋರಿಸಿದರು. 1997ರಲ್ಲಿ ಸ್ಯಾನ್ ಡಿಯೇಗೋದ ಕೆಂಟ್ ವಿಲ್ಸನ್ ಅವರ ತಂಡ ದ್ರಾವಣದಲ್ಲಿರುವ ಬಣ್ಣದ ಅಣುಗಳ ಮೇಲೆ ಇದನ್ನು ಮಾಡಿತು. ಅಲ್ಲಿ ನಿಯಂತ್ರಿಸಿದ್ದು ಎಷ್ಟು ಅಣುಗಳು ಉದ್ರಿಕ್ತವಾಗುತ್ತವೆ ಎಂಬುದನ್ನು. ಬಂಧವನ್ನು ಆಯ್ದು ಒಡೆಯುವುದು ಇನ್ನೂ ಬಾಕಿ ಇತ್ತು.

ಉಪಕರಣ, ಅಣು ಮತ್ತು ಹುಡುಕಾಟ

ವ್ಯೂರ್ಟ್ಸ್‌ಬರ್ಗ್‌ನ ಏರ್ಪಾಡಿನಲ್ಲಿ ಇದ್ದ ಲೇಸರ್ ಸುಮಾರು 800 ನ್ಯಾನೊಮೀಟರ್ ತರಂಗಾಂತರದ, ಸುಮಾರು 80 ಫೆಮ್ಟೊಸೆಕೆಂಡ್ (ಫೆಮ್ಟೊಸೆಕೆಂಡ್ ಎಂದರೆ ಪಿಕೊಸೆಕೆಂಡಿನ ಸಾವಿರದ ಒಂದು ಪಾಲು) ಉದ್ದದ ಸ್ಪಂದಗಳನ್ನು ಸೆಕೆಂಡಿಗೆ ಸಾವಿರದಂತೆ ಕೊಡುತ್ತಿತ್ತು. 80 ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಸುಮಾರು 24 ಮೈಕ್ರೊಮೀಟರ್, ತಲೆಗೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ. ಲೋಹ ಮತ್ತು ಕಾರ್ಬನ್ ನಡುವಿನ ಬಂಧ ಒಮ್ಮೆ ಕಂಪಿಸಲು ಹಿಡಿಯುವ ಕಾಲವೂ ಸರಿಸುಮಾರು ಇಷ್ಟೇ. ಎಂದರೆ ಈ ಬೆಳಕು ಅಣುವಿನ ಚಲನೆಯ ಕಾಲಮಾನದಲ್ಲಿಯೇ ಕೆಲಸ ಮಾಡಬಲ್ಲದು. ಶಕ್ತಿ ಹಂಚಿಹೋಗುವ ಮೊದಲೇ ತನ್ನ ಮಾತನ್ನು ಹೇಳಿ ಮುಗಿಸಬಲ್ಲದು.

ಇಷ್ಟು ಗಿಡ್ಡ ಸ್ಪಂದ ಒಂದೇ ಬಣ್ಣದ್ದಾಗಿರಲು ಸಾಧ್ಯವಿಲ್ಲ. 80 ಫೆಮ್ಟೊಸೆಕೆಂಡಿನ ಸ್ಪಂದದಲ್ಲಿ 800 ನ್ಯಾನೊಮೀಟರಿನ ಆಚೀಚೆ ಕನಿಷ್ಠ ಹನ್ನೊಂದು ಹನ್ನೆರಡು ನ್ಯಾನೊಮೀಟರ್ ಅಗಲಕ್ಕೆ ಬಣ್ಣಗಳು ಹರಡಿರುತ್ತವೆ, ಮತ್ತು ಅವೆಲ್ಲ ಒಂದೇ ಪ್ರಾವಸ್ಥೆಯಲ್ಲಿ ಕೂಡಿಬಂದಾಗ ಮಾತ್ರ ಸ್ಪಂದ ಅಷ್ಟು ಗಿಡ್ಡವಾಗಿರುತ್ತದೆ. ಪ್ರಯೋಗದ ಕೀಲಿ ಇಲ್ಲಿದೆ. ಸ್ಪಂದವನ್ನು ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳ ಫಲಕದ ಮೇಲೆ ಬೀಳಿಸಿ ಬಣ್ಣಗಳನ್ನು ಬಿಡಿಸಲಾಗುತ್ತದೆ; ಬಿಡಿಯಾದ ಬಣ್ಣಗಳು 128 ಕಿರು ಪಟ್ಟಿಗಳಿರುವ ದ್ರವ ಸ್ಫಟಿಕದ ಫಲಕದ ಮೂಲಕ ಹಾಯುತ್ತವೆ; ಪ್ರತಿ ಪಟ್ಟಿಗೆ ಬೇರೆಬೇರೆ ವೋಲ್ಟೇಜ್ ಕೊಟ್ಟು ಅದರ ವಕ್ರೀಭವನ ಸೂಚ್ಯಂಕವನ್ನು ಬದಲಿಸಿದಾಗ ಆ ಪಟ್ಟಿಯಲ್ಲಿ ಹಾಯುವ ಬಣ್ಣ ತುಸು ತಡವಾಗುತ್ತದೆ; ಕೊನೆಗೆ ಇನ್ನೊಂದು ಗ್ರೇಟಿಂಗ್ ಬಣ್ಣಗಳನ್ನೆಲ್ಲ ಮತ್ತೆ ಕೂಡಿಸುತ್ತದೆ. ಈ ರೂಪಿಸುವ ಕ್ರಿಯೆಯಲ್ಲಿ ಯಾವ ಬಣ್ಣವೂ ಸೇರುವುದಿಲ್ಲ, ಯಾವುದೂ ಕಳೆದುಹೋಗುವುದಿಲ್ಲ. ಸ್ಪಂದದ ರೋಹಿತ ಹಾಗೆಯೇ ಇರುತ್ತದೆ, ಕಾಲದಲ್ಲಿ ಅದರ ಆಕಾರ ಮಾತ್ರ ಬದಲಾಗಿ, ಒಂದೇ ಶಿಖರದ ಬದಲು ಹಲವು ಉಪಶಿಖರಗಳು ಏಳುತ್ತವೆ.

ಗುರಿಯಾಗಿ ಆರಿಸಿಕೊಂಡ ಅಣುವಿನಲ್ಲಿ ಒಂದು ಕಬ್ಬಿಣದ ಪರಮಾಣುವಿಗೆ ಐದು ಕಾರ್ಬನ್‌ಗಳ ಒಂದು ಸೈಕ್ಲೊಪೆಂಟಾಡೈಯೀನಿಲ್ ಉಂಗುರ, ಎರಡು ಕಾರ್ಬನ್ ಮಾನಾಕ್ಸೈಡ್‌ಗಳು ಮತ್ತು ಒಂದು ಕ್ಲೋರಿನ್ ಅಂಟಿಕೊಂಡಿವೆ. ಅದರ ದ್ರವ್ಯರಾಶಿ 212 ಪರಮಾಣು ದ್ರವ್ಯರಾಶಿ ಮಾನಗಳು. ಒಂದು ಕಾರ್ಬನ್ ಮಾನಾಕ್ಸೈಡ್ ಮಾತ್ರ ಬಿಟ್ಟುಹೋದರೆ ಉಳಿಯುವ ಅಯಾನಿನ ದ್ರವ್ಯರಾಶಿ 184. ಉಂಗುರವೂ ಎರಡು ಕಾರ್ಬನ್ ಮಾನಾಕ್ಸೈಡ್‌ಗಳೂ ಹೋಗಿ ಕಬ್ಬಿಣ ಮತ್ತು ಕ್ಲೋರಿನ್ ಮಾತ್ರ ಜೊತೆಯಾಗಿ ಉಳಿದರೆ 91. ನಿರ್ವಾತದಲ್ಲಿ ಆವಿಯ ರೂಪದಲ್ಲಿರುವ ಅಣುಗಳನ್ನು ಬೆಳಕು ಒಡೆದ ಮೇಲೆ, ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ ಅವು ತಲುಪುವ ಹೊತ್ತಿನಿಂದ ಅವುಗಳ ತೂಕವನ್ನು ಗುರುತಿಸಲಾಗುತ್ತದೆ. ಹಗುರವಾದವು ಮೊದಲು ಬರುತ್ತವೆ. ಈ ಎರಡು ಅಯಾನುಗಳ ಅನುಪಾತವೇ ಕಂಪ್ಯೂಟರಿಗೆ ಹೋಗುವ ಏಕೈಕ ಸುದ್ದಿ.

ಹುಡುಕಾಟ ಎಷ್ಟು ದೊಡ್ಡದೆಂಬುದನ್ನು ಒಂದು ಅಂದಾಜಿನಿಂದ ತಿಳಿಯಬಹುದು. 128 ಪಟ್ಟಿಗಳಲ್ಲಿ ಪ್ರತಿಯೊಂದಕ್ಕೂ ಹತ್ತೇ ಸ್ಥಿತಿಗಳೆಂದು ಇಟ್ಟುಕೊಂಡರೂ ಸಾಧ್ಯವಿರುವ ಸ್ಪಂದಗಳ ಸಂಖ್ಯೆ 10ರ 128ನೇ ಘಾತ. ಸೆಕೆಂಡಿಗೆ ಸಾವಿರದಂತೆ ವಿಶ್ವದ ಹುಟ್ಟಿನಿಂದ ಇಂದಿನವರೆಗೆ ಪರೀಕ್ಷಿಸಿದ್ದರೂ 10ರ 21ನೇ ಘಾತವನ್ನು ದಾಟುತ್ತಿರಲಿಲ್ಲ. ಆದ್ದರಿಂದ ಜೀವವಿಕಾಸವನ್ನು ಅನುಕರಿಸುವ ಅಲ್ಗಾರಿದಮ್ ಬಳಸಲಾಯಿತು. ಮೊದಲ ತಲೆಮಾರಿನ ಸ್ಪಂದಗಳ ಆಕಾರಗಳು ಮನಬಂದಂತೆ ಇರುತ್ತವೆ. ಪ್ರತಿಯೊಂದನ್ನೂ ಅಣುವಿನ ಮೇಲೆ ಪ್ರಯೋಗಿಸಿ, ಸಿಕ್ಕ ಅನುಪಾತದ ಆಧಾರದ ಮೇಲೆ ಉತ್ತಮವಾದವುಗಳನ್ನು ಉಳಿಸಿಕೊಳ್ಳಲಾಗುತ್ತದೆ. ಹಾಗೆ ಉಳಿಸಿಕೊಂಡವುಗಳ ಭಾಗಗಳನ್ನು ಒಂದಕ್ಕೊಂದು ಬೆರೆಸಿ, ಅಲ್ಲಲ್ಲಿ ಸಣ್ಣ ಉತ್ಪರಿವರ್ತನೆಗಳನ್ನು ತಂದು ಮುಂದಿನ ತಲೆಮಾರನ್ನು ಹುಟ್ಟಿಸಲಾಗುತ್ತದೆ. ತಂಡ ಈ ವಿಧಾನವನ್ನು ನೇರವಾಗಿ ಅಣುವಿನ ಮೇಲೆ ಪ್ರಯೋಗಿಸಲಿಲ್ಲ ಎಂಬುದನ್ನು ಮೆಚ್ಚಬೇಕು. 1997ರಲ್ಲಿಯೇ ಅವರು ಇದನ್ನು ಬೆಳಕಿನ ಆವೃತ್ತಿಯನ್ನು ದ್ವಿಗುಣಗೊಳಿಸುವ ಹರಳಿನ ಮೇಲೆ ಪರೀಕ್ಷಿಸಿ, ಹಿಗ್ಗಿದ ಸ್ಪಂದವನ್ನು ಅಲ್ಗಾರಿದಮ್ ತಾನಾಗಿಯೇ ಮತ್ತೆ ಗಿಡ್ಡವಾಗಿಸುತ್ತದೆಂದು ಖಚಿತಪಡಿಸಿಕೊಂಡಿದ್ದರು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮೊದಲು ಕೇಳಿ, ಸಾಧನ ನಂಬಿಕೆಗೆ ಅರ್ಹವೆಂದು ತಿಳಿದ ಮೇಲೆ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಹೋಗುವ ಈ ಕ್ರಮ ಪ್ರಯೋಗಶೀಲತೆಯ ಒಳ್ಳೆಯ ಪಾಠ.

ಕಂಡುಬಂದದ್ದು

ತಂಡ ಮೊದಲು ಕಬ್ಬಿಣಕ್ಕೆ ಐದು ಕಾರ್ಬನ್ ಮಾನಾಕ್ಸೈಡ್‌ಗಳಷ್ಟೇ ಅಂಟಿಕೊಂಡಿರುವ ಸರಳವಾದ ಕಬ್ಬಿಣದ ಪೆಂಟಾಕಾರ್ಬೊನಿಲ್ ಅಣುವಿನಲ್ಲಿ, ಇಡಿಯಾಗಿ ಉಳಿದ ಅಯಾನು ಮತ್ತು ಎಲ್ಲವನ್ನೂ ಕಳಚಿಕೊಂಡ ಬರಿಯ ಕಬ್ಬಿಣದ ಅಯಾನು ಇವುಗಳ ಅನುಪಾತವನ್ನು ಎರಡೂ ದಿಕ್ಕಿಗೆ ಎಳೆಯಲು ಸಾಧ್ಯವೆಂದು ಕಂಡಿತು. ಅನಂತರ ಉಂಗುರವಿರುವ ಅಣುವಿನ ಸರದಿ. ಒಂದೇ ಕಾರ್ಬನ್ ಮಾನಾಕ್ಸೈಡ್ ಕಳೆದುಕೊಂಡ ಅಯಾನನ್ನು ಹೆಚ್ಚಿಸು ಎಂದು ಅಲ್ಗಾರಿದಮ್ಮಿಗೆ ಹೇಳಿದಾಗ, ಕಬ್ಬಿಣ-ಕ್ಲೋರಿನ್ ಅಯಾನಿನೊಂದಿಗೆ ಅದರ ಅನುಪಾತ ಸುಮಾರು ಒಂದಕ್ಕೆ ಐದರಷ್ಟಾಯಿತು. ಕಡಿಮೆ ಮಾಡು ಎಂದಾಗ ಎರಡೂ ಹೆಚ್ಚುಕಡಿಮೆ ಸಮವಾದವು. ಎರಡೂ ಸಂದರ್ಭಗಳಲ್ಲಿ ರೋಹಿತ ಅದೇ, ಲೇಸರ್ ಅದೇ, ಅಣು ಅದೇ. ಬದಲಾದದ್ದು 128 ಪಟ್ಟಿಗಳ ವೋಲ್ಟೇಜ್.

ಐದಕ್ಕೂ ಒಂದಕ್ಕೂ ನಡುವಿನ ಈ ವ್ಯತ್ಯಾಸ ಕಾರ್ಖಾನೆಯ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ಇಲ್ಲಿ ಒಂದೇ ಅಣುವಿನಿಂದ ರಾಸಾಯನಿಕವಾಗಿ ಬೇರೆಬೇರೆಯಾದ ಎರಡು ಉತ್ಪನ್ನಗಳ ಕಡೆಗೆ ತಕ್ಕಡಿಯನ್ನು ವಾಲಿಸಲಾಯಿತು. ಅಣುವಿನ ರಚನೆಯ ಬಗ್ಗೆಯಾಗಲಿ, ಪ್ರಯೋಗದ ಏರ್ಪಾಡಿನ ಬಗ್ಗೆಯಾಗಲಿ ಯಾವ ಪೂರ್ವಜ್ಞಾನವನ್ನೂ ಅಲ್ಗಾರಿದಮ್ಮಿಗೆ ಕೊಟ್ಟಿರಲಿಲ್ಲ. ಲೇಖಕರು ತಮ್ಮ ಸಾರಾಂಶದಲ್ಲಿ, ಈ ವಿಧಾನ ಕನಿಷ್ಠಪಕ್ಷ ಈ ಒಂದು ಸಂದರ್ಭದಲ್ಲಿ ತಾನಾಗಿಯೇ ನಡೆಯುತ್ತದೆ ಎಂಬ ಎಚ್ಚರದ ಮಾತನ್ನು ಬಳಸಿದ್ದಾರೆ. ಆ ಎಚ್ಚರಕ್ಕೆ ಕಾರಣವಿತ್ತು.

ಉಳಿದ ಸಂದೇಹಗಳು

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇದು: ನಿಯಂತ್ರಣವಾದದ್ದು ನಿಜ, ಆದರೆ ಅದು ಕ್ವಾಂಟಂ ವ್ಯತಿಕರಣದಿಂದ ಆದದ್ದೇ? 800 ನ್ಯಾನೊಮೀಟರಿನ ಒಂದು ಫೋಟಾನ್‌ನ ಶಕ್ತಿ ಸುಮಾರು 1.55 ಎಲೆಕ್ಟ್ರಾನ್ ವೋಲ್ಟ್. ಅಣು ಅಯಾನಾಗಲು ಅದು ಹಲವು ಫೋಟಾನ್‌ಗಳನ್ನು ಹೀರಲೇಬೇಕು, ಮತ್ತು ಇಂಥ ಕ್ರಿಯೆಗಳ ವೇಗ ಬೆಳಕಿನ ಶಿಖರ ತೀವ್ರತೆಯನ್ನು ಕಡಿದಾಗಿ ಅವಲಂಬಿಸಿರುತ್ತದೆ. ಪ್ರಾವಸ್ಥೆಯನ್ನು ಬದಲಿಸಿದಾಗ ಸ್ಪಂದದ ಒಟ್ಟು ಶಕ್ತಿ ಬದಲಾಗದಿದ್ದರೂ ಅದು ಕಾಲದಲ್ಲಿ ಹಿಗ್ಗಿ ಶಿಖರ ತಗ್ಗುತ್ತದೆ. ಹಾಗಾದರೆ ಅಲ್ಗಾರಿದಮ್ ಕಂಡುಕೊಂಡದ್ದು ಸೂಕ್ಷ್ಮವಾದ ಅಲೆಗಳ ಹೊಂದಿಕೆಯೋ, ಅಥವಾ ಬಲವಾಗಿ ಹೊಡೆದರೆ ಹೆಚ್ಚು ಚೂರಾಗುತ್ತದೆ, ಮೆಲ್ಲಗೆ ಹೊಡೆದರೆ ಕಡಿಮೆ ಎಂಬ ಸಾಮಾನ್ಯ ಸತ್ಯವೋ? ಎರಡು ಅಯಾನುಗಳಲ್ಲಿ ಒಂದು ದೊಡ್ಡ ತುಣುಕು, ಇನ್ನೊಂದು ಸಣ್ಣ ತುಣುಕು ಆಗಿರುವುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇದಕ್ಕೆ ಉತ್ತರ ಕೊಡುವ ದಾರಿಯನ್ನು ಅದೇ ತಂಡ 2001ರಲ್ಲಿ ತೋರಿಸಿತು. ಟೋಬಿಯಾಸ್ ಬ್ರಿಕ್ಸ್‌ನರ್ ಮತ್ತು ಸಂಗಡಿಗರು ದ್ರಾವಣದಲ್ಲಿ ಬೆರೆತಿರುವ ಎರಡು ಬಗೆಯ ಬಣ್ಣದ ಅಣುಗಳಲ್ಲಿ ಒಂದನ್ನು ಮಾತ್ರ ಹೆಚ್ಚಾಗಿ ಉದ್ರೇಕಿಸಲು ಯತ್ನಿಸಿದರು. ತರಂಗಾಂತರವನ್ನು, ತೀವ್ರತೆಯನ್ನು, ಸ್ಪಂದದ ಸರಳ ಹಿಗ್ಗುವಿಕೆಯನ್ನು ಒಂದೊಂದಾಗಿ ಬದಲಿಸಿ ನೋಡಿದಾಗ ಎರಡು ಅಣುಗಳ ನಡುವೆ ಭೇದ ಮಾಡಲಾಗಲಿಲ್ಲ. ಅಲ್ಗಾರಿದಮ್ ರೂಪಿಸಿದ ಸಂಕೀರ್ಣ ಸ್ಪಂದದಿಂದ ಆಯಿತು. ಒಂದೇ ಗುಂಡಿಯನ್ನು ತಿರುಗಿಸಿ ಪಡೆಯಬಹುದಾದ ಫಲವನ್ನು ಕ್ವಾಂಟಂ ನಿಯಂತ್ರಣವೆಂದು ಕರೆಯಬಾರದು ಎಂಬ ಶಿಸ್ತು ಈ ಕ್ಷೇತ್ರಕ್ಕೆ ಬಂದದ್ದು ಇಂಥ ಪರೀಕ್ಷೆಗಳಿಂದ.

ಇನ್ನೊಂದು ಕಡೆ ಬ್ರೂಮರ್ ಮತ್ತು ಶಪಿರೊ 1989ರಲ್ಲಿಯೇ ಒಂದು ಕಟ್ಟುನಿಟ್ಟಾದ ಮಿತಿಯನ್ನು ಸಾಧಿಸಿ ತೋರಿಸಿದ್ದರು. ಒಂಟಿಯಾಗಿರುವ ಅಣುವನ್ನು ದುರ್ಬಲ ಬೆಳಕಿನ ಒಂದೇ ಫೋಟಾನ್‌ನಿಂದ ಉದ್ರೇಕಿಸಿದಾಗ, ಸ್ಪಂದದ ಪ್ರಾವಸ್ಥೆಯನ್ನು ಎಷ್ಟೇ ತಿದ್ದಿದರೂ ಅಂತಿಮ ಉತ್ಪನ್ನಗಳ ಅನುಪಾತ ಬದಲಾಗುವುದಿಲ್ಲ. ವ್ಯೂರ್ಟ್ಸ್‌ಬರ್ಗ್‌ನ ಪ್ರಯೋಗ ಹಲವು ಫೋಟಾನ್‌ಗಳದ್ದಾದ್ದರಿಂದ ಈ ಮಿತಿಗೆ ಒಳಪಡುವುದಿಲ್ಲ. ಆದರೆ 2006ರಲ್ಲಿ ಟೊರಾಂಟೊದ ಡ್ವೇನ್ ಮಿಲ್ಲರ್ ಅವರ ತಂಡ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನಿನಲ್ಲಿರುವ ರೆಟಿನಾಲ್‌ನ ರೂಪಬದಲಾವಣೆಯನ್ನು ದುರ್ಬಲ ಸ್ಪಂದಗಳಿಂದಲೇ ಸುಮಾರು ಶೇ. 20ರಷ್ಟು ಹೆಚ್ಚು ಮತ್ತು ಕಡಿಮೆ ಮಾಡಿದ್ದೇವೆಂದು ವರದಿ ಮಾಡಿದಾಗ ದೊಡ್ಡ ಚರ್ಚೆಯೇ ಎದ್ದಿತು. ಪ್ರೋಟೀನಿನೊಳಗಿನ ಅಣು ಒಂಟಿಯಲ್ಲ, ಸುತ್ತಲಿನ ಪರಿಸರದೊಡನೆ ಬೆಸೆದಿದೆ, ಆದ್ದರಿಂದ ಆ ಮಿತಿ ಅಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದು ಒಂದು ಸಮಾಧಾನ.

ಉತ್ಪಾದನೆಯ ಆಸೆಗೂ ಒಂದು ಮಿತಿಯಿದೆ. ಮಿಲಿಜೂಲ್ ಶಕ್ತಿಯ ಸ್ಪಂದಗಳು ಸೆಕೆಂಡಿಗೆ ಸಾವಿರ ಎಂದರೆ ಒಂದು ವಾಟ್ ಬೆಳಕು, ಸೆಕೆಂಡಿಗೆ ಸುಮಾರು 4 ಗುಣಿಸು 10ರ 18ನೇ ಘಾತದಷ್ಟು ಫೋಟಾನ್‌ಗಳು. ಪ್ರತಿ ಫೋಟಾನ್ ಒಂದೊಂದು ಅಣುವನ್ನು ಪರಿವರ್ತಿಸುತ್ತದೆಂಬ ಅಸಾಧ್ಯವಾದ ಔದಾರ್ಯವನ್ನು ತೋರಿಸಿದರೂ ಒಂದು ಮೋಲ್ ವಸ್ತುವಿಗೆ, ಎಂದರೆ ಸುಮಾರು 6 ಗುಣಿಸು 10ರ 23ನೇ ಘಾತದಷ್ಟು ಅಣುಗಳಿಗೆ, ನಲವತ್ತು ಗಂಟೆಗಳಿಗೂ ಹೆಚ್ಚು ಬೇಕು. ತೆಳುವಾದ ಆವಿಯಲ್ಲಿ, ಮಸೂರದ ಕಿರಿದಾದ ನಾಭಿಯೊಳಗೆ ಸಿಕ್ಕ ಅಣುಗಳಷ್ಟೇ ಪರಿವರ್ತನೆಯಾಗುವ ಈ ಏರ್ಪಾಡಿನಲ್ಲಿ ಗ್ರಾಂಗಳ ಮಾತೇ ಬರುವುದಿಲ್ಲ. ಈ ವಿಧಾನದ ಬೆಲೆ ಅಳತೆಯಲ್ಲಿದೆ, ತಯಾರಿಕೆಯಲ್ಲಿ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪಂದವನ್ನು ಓದುವ ಪ್ರಯತ್ನ

ಮುಂದಿನ ವರ್ಷಗಳಲ್ಲಿ ವಿಧಾನ ಹಲವೆಡೆ ಹರಡಿತು. 2001ರಲ್ಲಿ ರಾಬರ್ಟ್ ಲೆವಿಸ್ ಮತ್ತು ರಾಬಿಟ್ಸ್ ಇನ್ನೂ ಪ್ರಬಲವಾದ ಬೆಳಕಿನಿಂದ ಅಸಿಟೊಫಿನೋನ್‌ನಂಥ ಅಣುಗಳಲ್ಲಿ ಬಂಧಗಳನ್ನು ಆಯ್ದು ಒಡೆದದ್ದಲ್ಲದೆ, ಪರಮಾಣುಗಳು ಹೊಸದಾಗಿ ಜೋಡಣೆಗೊಂಡು ಟಾಲೀನ್ ಆಗುವುದನ್ನೂ ಹೆಚ್ಚಿಸಿದರು. ಇಷ್ಟು ವಿಶಾಲವಾದ ಹುಡುಕಾಟ ಅಷ್ಟು ಸುಲಭವಾಗಿ ಏಕೆ ಗುರಿ ಮುಟ್ಟುತ್ತದೆ ಎಂಬ ಪ್ರಶ್ನೆಗೆ 2004ರಲ್ಲಿ ರಾಬಿಟ್ಸ್ ಮತ್ತು ಸಂಗಡಿಗರು ಸೈದ್ಧಾಂತಿಕ ಉತ್ತರವನ್ನು ಮುಂದಿಟ್ಟರು: ವ್ಯವಸ್ಥೆ ಪೂರ್ತಿ ನಿಯಂತ್ರಣಕ್ಕೆ ಒಳಪಡುವಂಥದ್ದಾಗಿದ್ದು, ಬೆಳಕಿನ ಕ್ಷೇತ್ರದ ಮೇಲೆ ನಿರ್ಬಂಧಗಳಿಲ್ಲದಿದ್ದರೆ, ಹುಡುಕಾಟದ ಭೂದೃಶ್ಯದಲ್ಲಿ (ಫಲ ಉತ್ತಮವಾದಷ್ಟೂ ಎತ್ತರವೆಂದು ಭಾವಿಸಿದ ಚಿತ್ರದಲ್ಲಿ) ಹತ್ತುವವರನ್ನು ನಡುದಾರಿಯಲ್ಲಿ ಹಿಡಿದಿಡುವ ಸುಳ್ಳು ಶಿಖರಗಳು ಇರುವುದಿಲ್ಲ. 2011ರಲ್ಲಿ ಅಲೆಕ್ಸಾಂಡರ್ ಪೆಚೆನ್ ಮತ್ತು ಟ್ಯಾನರ್ ಅಂಥ ಬಲೆಗಳು ಇರಬಹುದಾದ ಸಂದರ್ಭಗಳನ್ನು ತೋರಿಸಿ ಈ ವಾದವನ್ನು ಪ್ರಶ್ನಿಸಿದರು.

ಅಲ್ಗಾರಿದಮ್ ಆರಿಸಿದ ಸ್ಪಂದ ಅಣುವಿನಲ್ಲಿ ನಿಜವಾಗಿ ಏನು ಮಾಡುತ್ತದೆ ಎಂದು 1998ರ ಪ್ರಯೋಗ ಉಳಿಸಿಹೋದ ಬಾಕಿಗೆ ಹತ್ತಿರದ ಉತ್ತರ ಬಂದದ್ದು ಆ ಅಣುವಿನ ಸೋದರನಂತಿರುವ ಇನ್ನೊಂದು ಅಣುವಿನಿಂದ. ಕಬ್ಬಿಣದ ಬದಲು ಮ್ಯಾಂಗನೀಸ್, ಅದೇ ಉಂಗುರ, ಮೂರು ಕಾರ್ಬನ್ ಮಾನಾಕ್ಸೈಡ್‌ಗಳು. ಸ್ಟ್ರಾಸ್‌ಬರ್ಗ್‌ನ ಶಾಂತಾಲ್ ಡೇನಿಯಲ್ ಅವರ ಸೈದ್ಧಾಂತಿಕ ಲೆಕ್ಕಗಳು ಮತ್ತು ಬರ್ಲಿನ್‌ನ ಲುಡ್ಗರ್ ವ್ಯೋಸ್ಟೆ ಅವರ ತಂಡದ ಪ್ರಯೋಗ ಕೂಡಿಕೊಂಡು 2003ರಲ್ಲಿ, ಈ ಅಣುವನ್ನು ಒಡೆಯದೆ ಅಯಾನಾಗಿಸಲು ಅಲ್ಗಾರಿದಮ್ ಆರಿಸಿದ ಸ್ಪಂದವನ್ನು ಬಿಡಿಸಿ ಓದಿದವು. ಅದರಲ್ಲಿ ಎರಡು ಮುಖ್ಯ ಉಪಸ್ಪಂದಗಳಿದ್ದವು. ಮೊದಲನೆಯದು ಅಣುವನ್ನು ಒಂದು ನಿರ್ದಿಷ್ಟ ಉದ್ರಿಕ್ತ ಸ್ಥಿತಿಗೆ ಒಯ್ಯುತ್ತಿತ್ತು. ಅಲ್ಲಿಂದ ತರಂಗ ಪೊಟ್ಟಣ ಕಾರ್ಬನ್ ಮಾನಾಕ್ಸೈಡನ್ನು ಕಳಚುವ ಇಳಿಜಾರಿಗೆ ಜಾರುವ ಮೊದಲೇ ಎರಡನೆಯದು ಬಂದು ಅದನ್ನು ಅಯಾನಾಗಿಸುತ್ತಿತ್ತು. ಟ್ಯಾನರ್ ಮತ್ತು ರೈಸ್ 1985ರಲ್ಲಿ ಕಾಗದದ ಮೇಲೆ ಬರೆದಿದ್ದ ಎರಡು ಸ್ಪಂದಗಳ ಕ್ರಮವನ್ನೇ ಹೋಲುವ ದಾರಿಯನ್ನು, ಅವರ ಲೇಖನದ ಒಂದು ಸಾಲೂ ಗೊತ್ತಿಲ್ಲದ ಅಲ್ಗಾರಿದಮ್ ಅಣುವಿನಿಂದ ಕೇಳಿ ತಿಳಿದುಕೊಂಡಿತ್ತು.